ಪಿಸಿ ಗೇಮಿಂಗ್‌ಗೆ ಮಾನಿಟರ್: ಗಾತ್ರ ಮತ್ತು ರೆಸಲ್ಯೂಷನ್ ಆರಿಸುವ ಸಮಗ್ರ ಮಾರ್ಗದರ್ಶಿ

ಗೇಮಿಂಗ್‌ಗೆಂದು ಮಾನಿಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಬಜೆಟ್ ಹೇಳುತ್ತಾರೆ, ಆಮೇಲೆ ಎಷ್ಟು ಇಂಚು ಎಂದು ಕೇಳುತ್ತಾರೆ. ರೆಸಲ್ಯೂಷನ್ನಿನ, ಅಂದರೆ ಪರದೆಯಲ್ಲಿ ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕೆ) ಇವೆ ಎಂಬುದರ, ಮಾತು ಅಂಗಡಿಯವರೇ ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗೆ ಕೊಂಡ ಮಾನಿಟರ್ ಕೆಟ್ಟದ್ದೇ ಆಗಬೇಕೆಂದಿಲ್ಲ. ಆದರೆ ಅದು ಮೇಜಿಗೆ, ಆಟದ ಚಿತ್ರಗಳನ್ನು ರಚಿಸುವ ಗ್ರಾಫಿಕ್ಸ್ ಕಾರ್ಡಿಗೆ ಮತ್ತು ಆಡುವ ಆಟಕ್ಕೆ ಮೂರಕ್ಕೂ ಹೊಂದಿಬಂದರೆ ಅದು ಅದೃಷ್ಟವೇ ಸರಿ. ಇಲ್ಲಿ ಅನುಸರಿಸಿರುವ ಕ್ರಮ ಬೇರೆ: ಮೊದಲು ಕಣ್ಣಿಗೂ ಪರದೆಗೂ ಇರುವ ಅಂತರ, ಅಂತರದಿಂದ ಗಾತ್ರ, ಗಾತ್ರದಿಂದ ರೆಸಲ್ಯೂಷನ್, ಆ ರೆಸಲ್ಯೂಷನ್ನಿನ ಭಾರವನ್ನು ಗ್ರಾಫಿಕ್ಸ್ ಕಾರ್ಡ್ ಹೊರಬಲ್ಲದೇ ಎಂಬ ಪರೀಕ್ಷೆ, ಕೊನೆಯಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸುತ್ತದೆ ಎಂಬುದು, ಅಳತೆ ಹರ್ಟ್ಸ್‌ನಲ್ಲಿ), ಪ್ಯಾನೆಲ್ (ಪರದೆಯ ಬಗೆ) ಮತ್ತು ಕೇಬಲ್.

ಮೊದಲ ಹೆಜ್ಜೆ: ಮೇಜನ್ನು ಅಳೆಯಿರಿ

ಆಟ ಆಡುವಾಗ ಹೇಗೆ ಕೂರುತ್ತೀರೋ ಹಾಗೆಯೇ ಕುಳಿತು, ಕಣ್ಣಿನಿಂದ ಈಗಿನ ಪರದೆಯವರೆಗೆ ಎಷ್ಟು ಸೆಂಟಿಮೀಟರ್ ಇದೆ ಎಂದು ಮನೆಯಲ್ಲಿ ಇನ್ನೊಬ್ಬರಿಂದ ಅಳೆಸಿ. ತಾವೇ ಟೇಪು ಹಿಡಿದು ಅಳೆಯಲು ಹೋದರೆ ದೇಹ ಮುಂದಕ್ಕೆ ಬಾಗಿ ಲೆಕ್ಕ ತಪ್ಪುತ್ತದೆ. ಮನೆಗಳಲ್ಲಿ ಕಾಣುವ ಹಲವು ಕಂಪ್ಯೂಟರ್ ಮೇಜುಗಳ ಆಳ ಸುಮಾರು 60 ಸೆಂ.ಮೀ. ಮಾತ್ರ. ಗೇಮಿಂಗ್ ಮಾನಿಟರ್‌ಗಳ ಸ್ಟ್ಯಾಂಡ್ ಅದರಲ್ಲಿ 20ರಿಂದ 25 ಸೆಂ.ಮೀ. ಜಾಗವನ್ನು ನುಂಗುವುದರಿಂದ ಪರದೆ ಗೋಡೆಗೆ ತಾಗಿ ನಿಲ್ಲದೆ ನಮ್ಮತ್ತ ಸರಿದು ಬರುತ್ತದೆ. ಹೀಗಾಗಿ ಕಣ್ಣಿಗೂ ಪರದೆಗೂ ಉಳಿಯುವ ಅಂತರ 55ರಿಂದ 60 ಸೆಂ.ಮೀ. ಆಸುಪಾಸು. ಮಾನಿಟರ್ ಹಿಂಭಾಗದಲ್ಲಿ 100x100 ಮಿ.ಮೀ. ವೆಸಾ ರಂಧ್ರಗಳಿದ್ದರೆ (ಮಾನಿಟರ್ ತೂಗುಹಾಕಲೆಂದಿರುವ ತಿರುಪಿನ ರಂಧ್ರಗಳು), ಮೇಜಿನ ಅಂಚಿಗೆ ಕಚ್ಚಿಸುವ ಆರ್ಮ್ (ಪರದೆ ಹಿಡಿಯುವ ತೋಳು) ಹಾಕಿ ಪರದೆಯನ್ನು ಗೋಡೆಯವರೆಗೂ ಹಿಂದಕ್ಕೆ ತಳ್ಳಬಹುದು. ಇಕ್ಕಟ್ಟಾದ ಕೋಣೆಯಲ್ಲಿ ಪರದೆಯ ಗಾತ್ರವನ್ನು ಹೆಚ್ಚಿಸುವುದಕ್ಕಿಂತ ಮೊದಲು ಯೋಚಿಸಬೇಕಾದ ಖರ್ಚು ಇದು.

ಪರದೆಯ ಇಂಚನ್ನು ಮೂಲೆಯಿಂದ ಮೂಲೆಗೆ ಅಳೆಯುವುದರಿಂದ, ಅಂಕಿಯಲ್ಲಿ ಸಣ್ಣದಾಗಿ ಕಾಣುವ ವ್ಯತ್ಯಾಸ ಮೇಜಿನ ಮೇಲೆ ದೊಡ್ಡದಾಗುತ್ತದೆ. ಅಗಲಕ್ಕೂ ಎತ್ತರಕ್ಕೂ 16:9 ಅನುಪಾತವಿರುವ 24 ಇಂಚಿನ ಪರದೆ ಸುಮಾರು 53 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ ಇರುತ್ತದೆ. 27 ಇಂಚಿನದು 60ಕ್ಕೆ 34, 32 ಇಂಚಿನದು 71ಕ್ಕೆ 40. ಅಲ್ಟ್ರಾವೈಡ್ ಎಂದು ಮಾರಾಟವಾಗುವ 34 ಇಂಚಿನ ಪರದೆಯ ಎತ್ತರ 27 ಇಂಚಿನದರಷ್ಟೇ, ಅಗಲ ಮಾತ್ರ 80 ಸೆಂ.ಮೀ. ತಲುಪುತ್ತದೆ, 34 ಎಂಬ ಅಂಕಿ ನೋಡಿ 32ಕ್ಕಿಂತ ಎಲ್ಲ ರೀತಿಯಲ್ಲೂ ದೊಡ್ಡದೆಂದು ಭಾವಿಸಿ ಕೊಂಡವರಿಗೆ ಆಮೇಲೆ ಎತ್ತರ ಸಾಲದೆನಿಸುವುದುಂಟು.

ಆನ್‌ಲೈನ್ ಆರ್ಡರ್ ಕೊಡುವ ಮೊದಲು ಹಳೆಯ ರಟ್ಟಿನ ಪೆಟ್ಟಿಗೆಯೊಂದನ್ನು ಈ ಅಳತೆಗೆ ಕತ್ತರಿಸಿ, ಮಾನಿಟರ್ ನಿಲ್ಲುವ ಜಾಗದಲ್ಲಿ ನಿಲ್ಲಿಸಿ, ಕುರ್ಚಿಯಲ್ಲಿ ಕುಳಿತು ನೋಡಿ. ಎಡ ಕೆಳಮೂಲೆಯಲ್ಲಿ ಮ್ಯಾಪ್, ಬಲ ಕೆಳಮೂಲೆಯಲ್ಲಿ ಗುಂಡುಗಳ ಲೆಕ್ಕ ಇದೆ ಎಂದು ಊಹಿಸಿಕೊಂಡು, ತಲೆ ತಿರುಗಿಸದೆ ಕಣ್ಣಿನಲ್ಲೇ ಎರಡನ್ನೂ ನೋಡಲು ಸಾಧ್ಯವೇ ಪರೀಕ್ಷಿಸಿ. 60 ಸೆಂ.ಮೀ. ದೂರದಲ್ಲಿ 24 ಇಂಚಿನ ಪರದೆ ನೋಟದ ಸುಮಾರು 48 ಡಿಗ್ರಿಯನ್ನು ಆವರಿಸುತ್ತದೆ, 27 ಇಂಚು 53 ಡಿಗ್ರಿಯನ್ನು, 32 ಇಂಚು 61 ಡಿಗ್ರಿಯನ್ನು. ವಿಮಾನ ಹಾರಿಸುವ ಆಟದಲ್ಲಿ ಈ ವಿಸ್ತಾರ ಸುಖ. ಮೂಲೆಯ ಮ್ಯಾಪನ್ನು ಕ್ಷಣಕ್ಷಣಕ್ಕೂ ನೋಡಬೇಕಾದ ಸ್ಪರ್ಧಾತ್ಮಕ ಶೂಟರ್ ಆಟದಲ್ಲಿ ಅದೇ ವಿಸ್ತಾರ ಕುತ್ತಿಗೆಗೆ ಕೆಲಸ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಬರುವುದೇ ಎಂಬುದನ್ನೂ ಅದೇ ರಟ್ಟಿನಿಂದ ನೋಡಿಕೊಳ್ಳಬಹುದು.

ಎರಡನೆಯ ಹೆಜ್ಜೆ: ಪಿಕ್ಸೆಲ್ ಸಾಂದ್ರತೆಯ ಲೆಕ್ಕ

ಗಾತ್ರ ಮತ್ತು ರೆಸಲ್ಯೂಷನ್ ಬೇರೆ ಬೇರೆ ಆಯ್ಕೆಗಳಂತೆ ಕಂಡರೂ ಕಣ್ಣಿಗೆ ಕಾಣುವುದು ಅವೆರಡರ ಭಾಗಾಕಾರ, ಅಂದರೆ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಕೂತಿವೆ ಎಂಬುದು. 1080ಪಿ ಎನ್ನುವ 1920x1080 ಪರದೆಯ ಮೂಲೆಯಿಂದ ಮೂಲೆಗೆ 2203 ಪಿಕ್ಸೆಲ್, 1440ಪಿ ಎನ್ನುವ 2560x1440 ಪರದೆಗೆ 2937, 4ಕೆ ಎನ್ನುವ 3840x2160 ಪರದೆಗೆ 4406. ಈ ಸಂಖ್ಯೆಯನ್ನು ಇಂಚಿನಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 24 ಇಂಚಿನ 1080ಪಿ ಪರದೆಗೆ ಇದು 92, ಅದೇ 1080ಪಿಯನ್ನು 27 ಇಂಚಿಗೆ ಎಳೆದರೆ 82, 27 ಇಂಚಿನ 1440ಪಿಗೆ 109, 32 ಇಂಚಿನ 1440ಪಿಗೆ ಮತ್ತೆ 92, 27 ಇಂಚಿನ 4ಕೆಗೆ 163, 32 ಇಂಚಿನ 4ಕೆಗೆ 138.

ಈ ಅಂಕಿಗಳನ್ನು ನಿಮ್ಮ ಮೇಜಿನ ಅಂತರಕ್ಕೆ ಜೋಡಿಸಲು ಸುಲಭದ ದಾರಿಯೊಂದಿದೆ. 6/6 ದೃಷ್ಟಿಯುಳ್ಳ ಕಣ್ಣು ಸುಮಾರು ಒಂದು ಆರ್ಕ್ ಮಿನಿಟಿನಷ್ಟು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮ ವಿವರವನ್ನು ಬೇರ್ಪಡಿಸಬಲ್ಲದು. ಅದರ ಪ್ರಕಾರ 8700 ಎಂಬ ಸಂಖ್ಯೆಯನ್ನು ಸಾಂದ್ರತೆಯಿಂದ ಭಾಗಿಸಿದರೆ, ಎಷ್ಟು ಸೆಂಟಿಮೀಟರ್ ದೂರ ಕುಳಿತರೆ ಒಂದೊಂದೇ ಪಿಕ್ಸೆಲ್ ಕಣ್ಣಿಗೆ ಕಾಣದಂತಾಗುತ್ತದೆ ಎಂಬುದು ತಿಳಿಯುತ್ತದೆ. 27 ಇಂಚಿನ 1440ಪಿಗೆ ಅದು 80 ಸೆಂ.ಮೀ., 24 ಇಂಚಿನ 1080ಪಿಗೆ 95 ಸೆಂ.ಮೀ., 27 ಇಂಚಿನ 1080ಪಿಗೆ 106 ಸೆಂ.ಮೀ., 32 ಇಂಚಿನ 4ಕೆಗೆ 63 ಸೆಂ.ಮೀ. ನಿಮ್ಮ ಅಂತರ ಈ ಗಡಿಗಿಂತ ಸ್ವಲ್ಪ ಕಡಿಮೆ ಇದ್ದರೆ ಚಿಂತೆಯಿಲ್ಲ, ಏಕೆಂದರೆ ಚಲಿಸುವ ಚಿತ್ರದಲ್ಲಿ ಯಾರೂ ಪಿಕ್ಸೆಲ್ ಎಣಿಸುತ್ತಾ ಕೂರುವುದಿಲ್ಲ. ಆದರೆ ಗಡಿಯ ಅರ್ಧದಷ್ಟೇ ದೂರದಲ್ಲಿ ಕೂರುತ್ತೀರೆಂದಾದರೆ ವಿದ್ಯುತ್ ತಂತಿ, ಬೇಲಿ, ದೂರದ ಮರದ ಎಲೆಗಳ ಅಂಚಿನಲ್ಲಿ ಗರಗಸದ ಹಲ್ಲಿನಂತಹ ಮೆಟ್ಟಿಲುಗಳು ಎದ್ದು ಕಾಣುತ್ತವೆ.

27 ಇಂಚಿನ 1080ಪಿ ಮಾನಿಟರನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಬೆಲೆ ಕಡಿಮೆ, ಪರದೆ ದೊಡ್ಡದು ಎಂಬ ಕಾರಣಕ್ಕೆ ಅದು ಧಾರಾಳವಾಗಿ ಮಾರಾಟವಾಗುತ್ತದೆ. ಆದರೆ 60 ಸೆಂ.ಮೀ. ದೂರದಿಂದ ನೋಡುವವರಿಗೆ ಅದರ ಮೊದಲ ದೋಷ ಕಾಣುವುದು ಆಟದಲ್ಲಲ್ಲ, ಅಕ್ಷರದಲ್ಲಿ. ಕನ್ನಡ ಓದುವವರಿಗಂತೂ ಇದು ಇನ್ನಷ್ಟು ಸ್ಪಷ್ಟ. ರೋಮನ್ ಅಕ್ಷರಕ್ಕೆ ಮೀಸಲಾದ ಸಾಲಿನ ಎತ್ತರದಲ್ಲೇ ನಮ್ಮ ಅಕ್ಷರ, ಅದರ ತಲೆಕಟ್ಟು, ಕೆಳಗಿನ ಒತ್ತು, ಪಕ್ಕದ ಕೊಂಬು ಎಲ್ಲವೂ ಸೇರಬೇಕು. ಸಾಂದ್ರತೆ 82ಕ್ಕೆ ಇಳಿದಾಗ ‘ಸ್ತ್ರೀ’, ‘ರಾಷ್ಟ್ರ’ದಂತಹ ಪದಗಳ ಒತ್ತಕ್ಷರಕ್ಕೆ ಉಳಿಯುವುದು ಕೆಲವೇ ಪಿಕ್ಸೆಲ್, ‘ತ’ ಒತ್ತು ಯಾವುದು, ‘ರ’ ಒತ್ತು ಯಾವುದು ಎಂಬುದು ಮಸುಕಾಗುತ್ತದೆ. ಹಗಲು ಕೆಲಸಕ್ಕೆ, ರಾತ್ರಿ ಆಟಕ್ಕೆ ಒಂದೇ ಪರದೆ ಬಳಸುವವರು ಅಂಗಡಿಯಲ್ಲಿ ಯಾವುದಾದರೊಂದು ಕನ್ನಡ ಸುದ್ದಿತಾಣವನ್ನು ತೆರೆಸಿ, ಜೂಮ್ ಮಾಡದೆ ಒಂದು ಪ್ಯಾರಾ ಓದಿ ನೋಡುವುದು ಯಾವ ಡೆಮೊ ವಿಡಿಯೊಗಿಂತಲೂ ಹೆಚ್ಚು ಹೇಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಮಳಿಗೆಗಳಂತೆ ಮಾನಿಟರ್‌ಗಳನ್ನು ಸಾಲಾಗಿ ಆನ್ ಮಾಡಿಟ್ಟಿರುವ ಕಡೆ ಇದಕ್ಕೆ ಐದು ನಿಮಿಷ ಸಾಕು.

32 ಇಂಚಿನ 1440ಪಿ ಹಾಗಲ್ಲ. ಅದರ ಸಾಂದ್ರತೆ 24 ಇಂಚಿನ 1080ಪಿಗೆ ಸರಿಸಮ, 80 ಸೆಂ.ಮೀ.ಗಿಂತ ದೂರ ಕೂರುವವರಿಗೆ, ಜಾಯ್‌ಸ್ಟಿಕ್ ಹಿಡಿದು ಹಿಂದಕ್ಕೆ ಒರಗಿ ಆಡುವವರಿಗೆ ಅದು ಒಪ್ಪುತ್ತದೆ. 27 ಇಂಚಿನ 4ಕೆ ಕೊಳ್ಳುವವರು ವಿಂಡೋಸ್‌ನಲ್ಲಿ ಸ್ಕೇಲಿಂಗನ್ನು (ಅಕ್ಷರ, ಚಿಹ್ನೆಗಳ ಗಾತ್ರ) ಶೇ 150ಕ್ಕೆ ಏರಿಸಬೇಕಾಗುವುದು ಖಚಿತ. ಆಗ ಡೆಸ್ಕ್‌ಟಾಪ್‌ನಲ್ಲಿ ಸಿಗುವ ಜಾಗ 1440ಪಿ ಪರದೆಯಷ್ಟೇ, ಅಕ್ಷರಗಳು ಮಾತ್ರ ಅಚ್ಚಿನಂತೆ ಚೂಪಾಗಿರುತ್ತವೆ.

ಮೂರನೆಯ ಹೆಜ್ಜೆ: ಗ್ರಾಫಿಕ್ಸ್ ಕಾರ್ಡ್ ಹೊರಬಲ್ಲದೇ?

1080ಪಿ ಚಿತ್ರದಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 1440ಪಿಯಲ್ಲಿ 36.9 ಲಕ್ಷ, 3440x1440 ಅಲ್ಟ್ರಾವೈಡ್‌ನಲ್ಲಿ 49.5 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಂದರೆ 1440ಪಿ ಎಂಬುದು 1080ಪಿಯ 1.78 ಪಟ್ಟು, 4ಕೆ ಸರಿಯಾಗಿ ನಾಲ್ಕು ಪಟ್ಟು. ಕಾರ್ಡ್ ಸೆಕೆಂಡಿಗೆ ರಚಿಸುವ ಫ್ರೇಮ್‌ಗಳ (ಬಿಡಿ ಚಿತ್ರಗಳ) ಸಂಖ್ಯೆ, ಅಂದರೆ ಎಫ್‌ಪಿಎಸ್, ಇದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಏಕೆಂದರೆ ಆಟದ ಲೆಕ್ಕಾಚಾರದ ಒಂದು ಪಾಲಿಗೆ ರೆಸಲ್ಯೂಷನ್ನಿನ ಜೊತೆ ಸಂಬಂಧವಿಲ್ಲ. ಆದರೂ ದಿಕ್ಕು ಅದೇ.

ನಿಮ್ಮ ಕಾರ್ಡಿನ ಬಗ್ಗೆ ಇತರರ ಅಂಕಿಅಂಶ ಓದುವುದಕ್ಕಿಂತ ನೇರವಾಗಿ ಪರೀಕ್ಷಿಸುವ ವಿಧಾನವಿದೆ, ಮತ್ತು ಅದಕ್ಕೆ ಹೊಸ ಮಾನಿಟರ್ ಬೇಕಿಲ್ಲ. ಎನ್‌ವಿಡಿಯಾ ಕಾರ್ಡ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ 3ಡಿ ಸೆಟ್ಟಿಂಗ್‌ಗಳಲ್ಲಿ ಡಿಎಸ್‌ಆರ್ ಫ್ಯಾಕ್ಟರ್ಸ್ ಎಂಬಲ್ಲಿಗೆ ಹೋಗಿ 1.78 ಆರಿಸಿ, ಎಎಮ್‌ಡಿ ಕಾರ್ಡ್ ಇದ್ದರೆ ಅದರ ಸಾಫ್ಟ್‌ವೇರ್‌ನ ಡಿಸ್‌ಪ್ಲೇ ವಿಭಾಗದಲ್ಲಿ ವರ್ಚುವಲ್ ಸೂಪರ್ ರೆಸಲ್ಯೂಷನ್ ಚಾಲೂ ಮಾಡಿ. ಆಮೇಲೆ ಆಟದೊಳಗಿನ ರೆಸಲ್ಯೂಷನ್ ಪಟ್ಟಿಯಲ್ಲಿ 2560x1440 ಕಾಣಿಸಿಕೊಳ್ಳುತ್ತದೆ. ನಿಮ್ಮ 1080ಪಿ ಪರದೆಯಲ್ಲಿ ಅದರ ಪೂರ್ಣ ಸೊಗಸು ಕಾಣದಿದ್ದರೂ ಕಾರ್ಡ್ ಆ ರೆಸಲ್ಯೂಷನ್ನಿನ ಪೂರ್ತಿ ಕೆಲಸ ಮಾಡುತ್ತಿರುತ್ತದೆ. ನೀವು ಹೆಚ್ಚು ಆಡುವ ಆಟದ ಗಲಾಟೆಯ ಭಾಗವೊಂದನ್ನು ಆರಿಸಿ, ಕಾಲು ಗಂಟೆ ಆಡಿ, ಸರಾಸರಿ ಎಫ್‌ಪಿಎಸ್ ಜೊತೆಗೆ ಶೇ 1ರ ಕನಿಷ್ಠ ಎಫ್‌ಪಿಎಸ್ (ಅತಿ ನಿಧಾನದ ಶೇ 1ರಷ್ಟು ಫ್ರೇಮ್‌ಗಳ ವೇಗ) ಎಷ್ಟೆಂದು ಬರೆದಿಟ್ಟುಕೊಳ್ಳಿ. ಸರಾಸರಿ 70 ಇದ್ದು ಕನಿಷ್ಠ 30ಕ್ಕೆ ಬೀಳುತ್ತಿದ್ದರೆ ಆಟ ತಡವರಿಸುವುದು ಆ 30ರಿಂದಲೇ. 4ಕೆ ಪರೀಕ್ಷೆಗೆ ಎನ್‌ವಿಡಿಯಾದಲ್ಲಿ 4.00 ಆರಿಸಬೇಕು.

ಕಾರ್ಡಿನ ಮೆಮೊರಿಯನ್ನೂ ಗಮನಿಸಬೇಕು. ಆರ್‌ಟಿಎಕ್ಸ್ 4060, ಆರ್‌ಟಿಎಕ್ಸ್ 5060, ಆರ್‌ಎಕ್ಸ್ 6600 ಇವುಗಳಲ್ಲಿ ಇರುವ 8 ಜಿಬಿ 1080ಪಿಗೆ ಬಹುಮಟ್ಟಿಗೆ ಸಾಕು; 1440ಪಿಯಲ್ಲಿ ಹೊಸ ಆಟಗಳ ಟೆಕ್ಸ್ಚರ್ (ವಸ್ತುಗಳ ಮೇಲ್ಮೈಯ ಚಿತ್ರ) ಗುಣಮಟ್ಟವನ್ನು ಅಲ್ಲಲ್ಲಿ ಇಳಿಸಬೇಕಾದೀತು. 12 ಜಿಬಿಯ ಆರ್‌ಟಿಎಕ್ಸ್ 4070, 5070 ಅಥವಾ 16 ಜಿಬಿಯ ಆರ್‌ಎಕ್ಸ್ 7800 ಎಕ್ಸ್‌ಟಿ ವರ್ಗದ ಕಾರ್ಡುಗಳಿಗೆ 1440ಪಿ ಸಹಜವಾದ ನೆಲೆ.

ಇಲ್ಲಿ ಅಪ್‌ಸ್ಕೇಲಿಂಗ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಡಿಎಲ್‌ಎಸ್‌ಎಸ್ ಮತ್ತು ಎಫ್‌ಎಸ್‌ಆರ್ ತಂತ್ರಗಳು ಆಟವನ್ನು ಕಡಿಮೆ ರೆಸಲ್ಯೂಷನ್ನಿನಲ್ಲಿ ಚಿತ್ರಿಸಿ ಪರದೆಯ ರೆಸಲ್ಯೂಷನ್ನಿಗೆ ಹಿಗ್ಗಿಸುತ್ತವೆ. ಕ್ವಾಲಿಟಿ ಮೋಡ್‌ನಲ್ಲಿ ಅಗಲ ಮತ್ತು ಎತ್ತರ ಎರಡೂ ಮೂರನೇ ಎರಡು ಭಾಗಕ್ಕೆ ಇಳಿಯುವುದರಿಂದ, 4ಕೆ ಪರದೆಗೆ ಒಳಗೊಳಗೆ ಚಿತ್ರಿಸುವುದು 1440ಪಿ. 1440ಪಿ ಪರದೆಗೆ 1707x960. ಪರ್ಫಾರ್ಮೆನ್ಸ್ ಮೋಡ್‌ನಲ್ಲಿ 4ಕೆಗೆ 1080ಪಿ. ಒಳಗಿನ ಚಿತ್ರದಲ್ಲಿ ಪಿಕ್ಸೆಲ್ ಹೆಚ್ಚಿದ್ದಷ್ಟೂ ಹಿಗ್ಗಿಸಿದ ಫಲಿತಾಂಶ ಚೆನ್ನಾಗಿರುತ್ತದೆ. ಆದ್ದರಿಂದ 4ಕೆಯಲ್ಲಿ ಈ ತಂತ್ರ ಕಣ್ಣಿಗೆ ಬೀಳುವುದೇ ಕಡಿಮೆ, 1440ಪಿಯಲ್ಲಿ ಕ್ವಾಲಿಟಿ ಮೋಡ್ ಒಪ್ಪಿತವಾಗುವಂಥದ್ದು, 1080ಪಿಯಲ್ಲಿ ಮಾತ್ರ ಚಿತ್ರ ಮೆದುವಾಗಿ ಕಲಸಿದಂತಾಗುತ್ತದೆ. ಕಾರ್ಡ್ ಸ್ವಲ್ಪ ಕಡಿಮೆ ಶಕ್ತಿಯದಾದರೂ 1440ಪಿ ಪರದೆ ಕೊಂಡು ಅಪ್‌ಸ್ಕೇಲಿಂಗ್ ಬಳಸುವುದು, 1080ಪಿ ಪರದೆಗೆ ಅಂಟಿಕೊಳ್ಳುವುದಕ್ಕಿಂತ ಲೇಸೆಂದು ನಾನು ಹೇಳುವುದು ಈ ಕಾರಣಕ್ಕೆ. ಆದರೆ ಅಪ್‌ಸ್ಕೇಲಿಂಗ್ ಇಲ್ಲದ ಹಳೆಯ ಆಟಗಳನ್ನೇ ಆಡುವವರು ಒಂದು ಸಂಗತಿ ನೆನಪಿಡಬೇಕು: 1080ಪಿ ಚಿತ್ರವನ್ನು 4ಕೆ ಪರದೆಯಲ್ಲಿ ತೋರಿಸುವಾಗ ಒಂದು ಪಿಕ್ಸೆಲ್ ಸರಿಯಾಗಿ ನಾಲ್ಕಾಗುತ್ತದೆ, ಡ್ರೈವರ್‌ನಲ್ಲಿ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಇಂಟಿಜರ್ ಸ್ಕೇಲಿಂಗ್ (ಪೂರ್ಣಾಂಕದ ಪಟ್ಟಿನಲ್ಲೇ ಹಿಗ್ಗಿಸುವುದು) ಹಾಕಿದರೆ ಮಸುಕೇ ಇರುವುದಿಲ್ಲ. 1440ಪಿ ಪರದೆಯಲ್ಲಿ ಅದು 1.33 ಪಟ್ಟಾಗುವುದರಿಂದ ಮಸುಕು ತಪ್ಪದು.

ನಾಲ್ಕನೆಯ ಹೆಜ್ಜೆ: ಯಾವ ಆಟ, ಎಷ್ಟು ಹರ್ಟ್ಸ್

60 ಹರ್ಟ್ಸ್ ಪರದೆ ಪ್ರತಿ 16.7 ಮಿಲಿಸೆಕೆಂಡಿಗೊಮ್ಮೆ ಹೊಸ ಚಿತ್ರ ತೋರಿಸುತ್ತದೆ, 144 ಹರ್ಟ್ಸ್ 6.9ಕ್ಕೊಮ್ಮೆ, 240 ಹರ್ಟ್ಸ್ 4.2ಕ್ಕೊಮ್ಮೆ. ಮೊದಲ ಜಿಗಿತದಲ್ಲಿ ಸುಮಾರು 10 ಮಿಲಿಸೆಕೆಂಡ್ ಉಳಿಯುತ್ತದೆ, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ಆದ್ದರಿಂದ 60ರಿಂದ 144ಕ್ಕೆ ಹೋದದ್ದು ಯಾರಿಗಾದರೂ ಗೊತ್ತಾಗುತ್ತದೆ, ಮುಂದಿನದು ಅಭ್ಯಾಸವಿದ್ದವರಿಗಷ್ಟೇ. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್ ಆಟಗಳನ್ನು ಗೆಲ್ಲಲೆಂದೇ ಆಡುವವರಿಗೆ ವೃತ್ತಿಪರ ಪಂದ್ಯಾವಳಿಗಳ ಮೇಜಿನ ಮೇಲೆ ಇಂದಿಗೂ ಕಾಣುವ 24 ಇಂಚಿನ ಆಸುಪಾಸಿನ 1080ಪಿ, 240 ಹರ್ಟ್ಸ್ ಅಥವಾ ಅದಕ್ಕೂ ಹೆಚ್ಚಿನ ಪರದೆಯೇ ಸರಿ. ಕೌಂಟರ್-ಸ್ಟ್ರೈಕ್ ಆಟಗಾರರಲ್ಲಿ ಅನೇಕರು ರೆಸಲ್ಯೂಷನ್ನನ್ನು ಇನ್ನೂ ಇಳಿಸಿ 4:3 ಅನುಪಾತದಲ್ಲಿ ಹಿಗ್ಗಿಸಿಕೊಂಡು ಆಡುವುದನ್ನು ನೋಡಿದರೆ, ಅವರಿಗೆ 4ಕೆ ಪರದೆ ಎಷ್ಟು ಅನಗತ್ಯ ಎಂಬುದು ತಿಳಿಯುತ್ತದೆ. ಒಂದು ಎಚ್ಚರಿಕೆ: ಇಷ್ಟು ಫ್ರೇಮ್ ಒದಗಿಸುವ ಹೊರೆ ಬಹುಪಾಲು ಪ್ರೊಸೆಸರ್ ಮೇಲೆ ಬೀಳುತ್ತದೆ. ಹಳೆಯ ಪ್ರೊಸೆಸರ್ ಇಟ್ಟುಕೊಂಡು 240 ಹರ್ಟ್ಸ್ ಪರದೆ ತಂದರೆ ಎಫ್‌ಪಿಎಸ್ 120ರಲ್ಲೇ ನಿಂತೀತು.

ಸೈಬರ್‌ಪಂಕ್ 2077ರಂತಹ ಕಥಾಪ್ರಧಾನ ಆಟಗಳಿಗೆ 1440ಪಿ ಅಥವಾ 4ಕೆಯ ವಿವರ ಸಾರ್ಥಕವಾಗುತ್ತದೆ. ರೇಸಿಂಗ್ ಮತ್ತು ಫ್ಲೈಟ್ ಸಿಮ್ಯುಲೇಟರ್ ಪ್ರಿಯರಿಗೆ ಅಲ್ಟ್ರಾವೈಡ್ ಹೇಳಿ ಮಾಡಿಸಿದಂತಿದೆ. ಆದರೆ ಅದನ್ನು ಕೊಳ್ಳುವ ಮುನ್ನ ನಿಮ್ಮ ಆಟ 21:9 ಅನುಪಾತವನ್ನು ಒಪ್ಪುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ: ಎಲ್ಡನ್ ರಿಂಗ್ ಎರಡೂ ಬದಿಗಳಲ್ಲಿ ಕಪ್ಪು ಪಟ್ಟಿ ಬಿಟ್ಟು 16:9ರಲ್ಲೇ ನಡೆಯುತ್ತದೆ, 60 ಎಫ್‌ಪಿಎಸ್ ಮೀರುವುದೂ ಇಲ್ಲ.

ರೆಸಲ್ಯೂಷನ್ ಯಾವುದೇ ಇರಲಿ, ಫ್ರೀಸಿಂಕ್ (ಎಎಮ್‌ಡಿಯದು) ಅಥವಾ ಜಿ-ಸಿಂಕ್ (ಎನ್‌ವಿಡಿಯಾದ್ದು) ಹೊಂದಾಣಿಕೆ ಇಲ್ಲದ ಮಾನಿಟರನ್ನು ಈಗ ಕೊಳ್ಳಲು ಕಾರಣವಿಲ್ಲ. ಕಾರ್ಡ್ ಕೊಡುವ ಫ್ರೇಮ್‌ಗೆ ಪರದೆಯೇ ಹೊಂದಿಕೊಳ್ಳುವುದರಿಂದ 70, 80 ಎಫ್‌ಪಿಎಸ್‌ನಲ್ಲೂ ಚಿತ್ರ ತುಂಡಾದಂತೆ ಕಾಣುವುದಿಲ್ಲ. 2019ರಿಂದ ಎನ್‌ವಿಡಿಯಾದ 10 ಸರಣಿ ಮತ್ತು ನಂತರದ ಕಾರ್ಡುಗಳು ಫ್ರೀಸಿಂಕ್ ಮಾನಿಟರ್‌ಗಳ ಜೊತೆಗೂ ಈ ಕೆಲಸ ಮಾಡುತ್ತವೆ. ಆದ್ದರಿಂದ ಜಿ-ಸಿಂಕ್ ಮುದ್ರೆಗೆಂದೇ ಹೆಚ್ಚು ಹಣ ಕೊಡಬೇಕಿಲ್ಲ.

ಐದನೆಯ ಹೆಜ್ಜೆ: ಪ್ಯಾನೆಲ್ ಮತ್ತು ಕೇಬಲ್

ಪ್ಯಾನೆಲ್ ವಿಚಾರ ಚುಟುಕಾಗಿ. ಐಪಿಎಸ್ ಎಲ್ಲ ಕೋನದಿಂದಲೂ ಸರಿಯಾದ ಬಣ್ಣ ಕೊಡುತ್ತದೆ, ಕಪ್ಪು ಮಾತ್ರ ಬೂದು ಬಣ್ಣವಾಗಿ ಕಾಣುತ್ತದೆ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಗಾಢ, ಆದರೆ ಅಗ್ಗದ ಮಾದರಿಗಳಲ್ಲಿ ಕತ್ತಲ ದೃಶ್ಯ ಚಲಿಸುವಾಗ ಮಸಿ ಎಳೆದಂತಹ ಗುರುತು ಬೀಳುತ್ತದೆ. ಓಲೆಡ್ ಚಿತ್ರ ಮತ್ತು ವೇಗ ಎರಡರಲ್ಲೂ ಮುಂದೆ. ಆದರೆ ದಿನವಿಡೀ ಟಾಸ್ಕ್‌ಬಾರ್ ಮತ್ತು ಎಕ್ಸೆಲ್ ಹಾಳೆ ತೆರೆದಿಡುವವರಿಗೆ ಅಚ್ಚೊತ್ತಿದಂತೆ ಗುರುತು ಉಳಿಯುವ ಭಯವಿದೆ, 109ರ ಸಾಂದ್ರತೆಯಲ್ಲಿ ಅಕ್ಷರದ ಅಂಚಿಗೆ ಬಣ್ಣದ ಗೆರೆಯೂ ಕಾಣಬಹುದು.

ಕೇಬಲ್ ವಿಚಾರವನ್ನು ಜನ ಕಡೆಗಣಿಸುವುದೇ ಹೆಚ್ಚು. ಎಚ್‌ಡಿಎಂಐ 2.0 ಮೂಲಕ 1440ಪಿ 144 ಹರ್ಟ್ಸ್ ಹಾಯುತ್ತದೆ, 4ಕೆ ಆದರೆ 60 ಹರ್ಟ್ಸ್ ಮಾತ್ರ. 4ಕೆಯನ್ನು 120 ಹರ್ಟ್ಸ್ ಅಥವಾ ಹೆಚ್ಚಿನ ವೇಗದಲ್ಲಿ ಬೇಕೆನ್ನುವವರಿಗೆ ಸೆಕೆಂಡಿಗೆ 48 ಗಿಗಾಬಿಟ್‌ವರೆಗಿನ ಎಚ್‌ಡಿಎಂಐ 2.1 ಅಥವಾ ಡಿಸ್‌ಪ್ಲೇಪೋರ್ಟ್ 1.4 ಬೇಕು; ಡಿಸ್‌ಪ್ಲೇಪೋರ್ಟ್ 1.4ರಲ್ಲಿ 4ಕೆ 144 ಹರ್ಟ್ಸ್‌ಗೆ ಡಿಎಸ್‌ಸಿ ಎಂಬ ಸಂಕೋಚನವನ್ನು ಮಾನಿಟರ್ ಬೆಂಬಲಿಸಬೇಕು. ಎಚ್‌ಡಿಎಂಐ 2.1 ಎಂದು ಬರೆದಿದ್ದ ಮಾತ್ರಕ್ಕೆ ಪೂರ್ತಿ 48 ಗಿಗಾಬಿಟ್ ಸಿಗುತ್ತದೆಂದು ನಂಬಬೇಡಿ. ಆ ಮಾನದಂಡದ ಹಲವು ಸೌಲಭ್ಯಗಳು ಐಚ್ಛಿಕ. ಆದ್ದರಿಂದ ಯಾವ ರೆಸಲ್ಯೂಷನ್‌ಗೆ ಯಾವ ಪೋರ್ಟ್‌ನಲ್ಲಿ ಎಷ್ಟು ಹರ್ಟ್ಸ್ ಎಂಬ ಸಾಲನ್ನೇ ಕೈಪಿಡಿಯಲ್ಲಿ ಹುಡುಕಿ ಓದಬೇಕು. ಲ್ಯಾಪ್‌ಟಾಪ್ ಜೋಡಿಸುವವರಿಗೆ ಈ ಓದು ಎರಡು ಕಡೆಯದು, ಏಕೆಂದರೆ ಲ್ಯಾಪ್‌ಟಾಪಿನ ಪೋರ್ಟ್ ಯಾವ ತಲೆಮಾರಿನದು ಎಂಬುದೂ ಮುಖ್ಯ.

ಆರನೆಯ ಹೆಜ್ಜೆ: ಜೋಡಿ ನಿರ್ಧರಿಸಿ

ಇಲ್ಲಿಯವರೆಗಿನ ಲೆಕ್ಕವನ್ನೆಲ್ಲ ಸೇರಿಸಿದರೆ 60ರಿಂದ 75 ಸೆಂ.ಮೀ. ದೂರ ಕುಳಿತು ಎಲ್ಲ ಬಗೆಯ ಆಟಗಳನ್ನೂ ಆಡುವ, ಅದೇ ಪರದೆಯಲ್ಲಿ ಕೆಲಸವನ್ನೂ ಮಾಡುವ ವ್ಯಕ್ತಿಗೆ 27 ಇಂಚು, 1440ಪಿ, 144 ಅಥವಾ 165 ಹರ್ಟ್ಸ್ ಎಂಬ ಉತ್ತರ ಬರುತ್ತದೆ. ಬಜೆಟ್ ಬಿಗಿಯಾಗಿದ್ದರೆ, ಅಥವಾ ಜಿಟಿಎಕ್ಸ್ 1650ರಂತಹ ಕಾರ್ಡನ್ನು ಇನ್ನೂ ಕೆಲವು ವರ್ಷ ಉಳಿಸಿಕೊಳ್ಳುವ ಯೋಚನೆಯಿದ್ದರೆ, 24 ಇಂಚಿನ 1080ಪಿಗೆ ಯಾವ ಕೀಳರಿಮೆಯೂ ಬೇಡ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ತಾಣದ ಸಮೀಕ್ಷೆಯಲ್ಲಿ ಇಂದಿಗೂ ಅತಿ ಹೆಚ್ಚು ಮಂದಿ ಬಳಸುತ್ತಿರುವುದು 1080ಪಿಯನ್ನೇ. 32 ಇಂಚಿನ 4ಕೆ ಕೊಳ್ಳಬೇಕಾದವರು 70 ಸೆಂ.ಮೀ. ಅಥವಾ ಹೆಚ್ಚು ಅಂತರವೂ, 16 ಜಿಬಿ ವರ್ಗದ ಕಾರ್ಡೂ, ಅಪ್‌ಸ್ಕೇಲಿಂಗ್ ಬಳಸುವ ಮನಸ್ಸೂ ಇರುವವರು. 32 ಇಂಚಿಗಿಂತ ದೊಡ್ಡ ಮಾನಿಟರ್‌ಗಳ ಮೇಲೆ ಮೊದಲು ಶೇ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹೀಗಾಗಿ 34 ಇಂಚಿನ ಅಲ್ಟ್ರಾವೈಡ್ ಬೆಲೆಯನ್ನು ಹೋಲಿಸುವಾಗ ಅದಕ್ಕಿಂತ ಹಳೆಯ ಬರಹಗಳಲ್ಲಿರುವ ದರವನ್ನು ನೆಚ್ಚಬಾರದು.

ಪೆಟ್ಟಿಗೆ ಮನೆಗೆ ಬಂದ ದಿನ

ಪೆಟ್ಟಿಗೆಯ ಮುದ್ರೆ ಒಡೆಯುವುದರಿಂದ ಹಿಡಿದು ಪರದೆ ಮೊದಲ ಬಾರಿ ಬೆಳಗುವವರೆಗೆ ಮೊಬೈಲ್‌ನಲ್ಲಿ ಒಂದೇ ಓಟದ ವಿಡಿಯೊ ಮಾಡಿಟ್ಟುಕೊಳ್ಳಿ. ಒಡೆದ ಪ್ಯಾನೆಲ್ ಬದಲಿಸಿಕೊಳ್ಳುವಾಗ ವಾದಕ್ಕೆ ಆಧಾರವಾಗುತ್ತದೆ. ಕೇಬಲ್ಲನ್ನು ಮದರ್‌ಬೋರ್ಡಿನ ಪೋರ್ಟ್‌ಗೆ ಸಿಕ್ಕಿಸದೆ, ಕೆಳಗಿರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟ್‌ಗೇ ಸಿಕ್ಕಿಸಿ. 165 ಹರ್ಟ್ಸ್ ಮಾನಿಟರ್ ಕೂಡ ಮೊದಲು 60ರಲ್ಲೇ ಓಡುತ್ತಿರುವುದು ಸಾಮಾನ್ಯ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಎಂದು ಹೋಗಿ ಅಲ್ಲಿ ಗರಿಷ್ಠ ದರವನ್ನು ಆರಿಸಬೇಕು. ಫ್ರೀಸಿಂಕನ್ನು ಮಾನಿಟರ್‌ನ ಮೆನುವಿನಲ್ಲೂ ಡ್ರೈವರ್‌ನಲ್ಲೂ ಎರಡು ಕಡೆ ಚಾಲೂ ಮಾಡಬೇಕು. ನಂತರ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ತೆರೆದು ಸತ್ತ ಪಿಕ್ಸೆಲ್ ಹುಡುಕಿ, ಕೋಣೆಯ ದೀಪ ಆರಿಸಿ ಕಪ್ಪು ಚಿತ್ರದಲ್ಲಿ ಮೂಲೆಗಳಿಂದ ಬೆಳಕು ಸೋರುತ್ತಿದೆಯೇ ನೋಡಿ. ಒಂದೆರಡು ಸತ್ತ ಪಿಕ್ಸೆಲ್‌ಗಳನ್ನು ಹಲವು ಕಂಪನಿಗಳು ವಾರಂಟಿಯಡಿ ದೋಷವೆಂದು ಪರಿಗಣಿಸುವುದಿಲ್ಲವಾದ್ದರಿಂದ, ಈ ಪರೀಕ್ಷೆಯನ್ನು ಮಾರಾಟಗಾರರು ಕೊಡುವ ಬದಲಾವಣೆಯ ಅವಧಿಯೊಳಗೇ ಮುಗಿಸಬೇಕು. ಅಲ್ಲಿಯವರೆಗೆ ಥರ್ಮೊಕೋಲ್ ಸಮೇತ ಪೆಟ್ಟಿಗೆಯನ್ನು ಎಸೆಯಬೇಡಿ.